ಹಿಟ್ಟಿನ ಕೋಣೆಗೆ ಹೋದ ಹಾಸಿಗೆ

ಗದಗ ಹೊಸ ಜಿಲ್ಲೆಯಾದ ಮೇಲೆ ನಮ್ಮ ಊರಿಗೆ ಬಂದ ಹೊಸ ಸಂಗತಿಗಳಲ್ಲಿ ಡಿ.ಸಿ. ಆಫೀಸು ಒಂದು, ಟೈ ಕಟ್ಟಿಕೊಂಡು ಮನೆಮನೆಗೆ ಆರೋಗ್ಯದ ಪುಡಿ ಮಾರುವವರು ಇನ್ನೊಂದು. ಡಿ.ಸಿ. ಆಫೀಸಿನಿಂದ ನಮಗೇನೂ ತೊಂದರೆಯಾಗಲಿಲ್ಲ. ಪುಡಿಯಿಂದ ಮಾತ್ರ ನನ್ನ ಅತ್ತೆ ಮಾವ ಒಂದೇ ಸೂರಿನ ಕೆಳಗಿದ್ದೂ ಬೇರೆಯಾಗುವ ಹೊತ್ತು ಬಂತು. ಪುಡಿ ತಂದವನು ಹೊರಗಿನವನಲ್ಲ, ನನ್ನ ಗಂಡನ ಚಿಕ್ಕಪ್ಪನ ಮಗ ಶಾನವಾಜ. ಅವನ ಹೆಸರೆತ್ತಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮನೆಗೆ ಬಂದರೆ ಚಹಾ ಮಾಡಿಕೊಡುತ್ತೇನೆ, ಅದು ಬೇರೆ ಮಾತು.

ನಮ್ಮದು ಬೆಟಗೇರಿಯಲ್ಲಿ ಬೇಕರಿ. ಮುಂದೆ ಮನೆ, ಹಿಂದೆ ಹಿಟ್ಟಿನ ಕೋಣೆ, ಅದರ ಹಿಂದೆ ಕಟ್ಟಿಗೆಯ ಭಟ್ಟಿ. ಬನ್ನು, ಪಾವು, ಖಾರಿ, ಟೋಸ್ಟು. ಸುತ್ತಲೂ ನೇಕಾರರ ಮನೆಗಳು. ಅವರ ಮಗ್ಗಗಳ ಸದ್ದು ಶುರುವಾಗುವ ಮೊದಲೇ ನಮ್ಮ ಭಟ್ಟಿ ಕಾದಿರುತ್ತದೆ. ನನ್ನ ಗಂಡ ತನ್ವೀರ ಮಾಲು ತುಂಬಿಕೊಂಡು ಒಂದು ದಿನ ಮುಂಡರಗಿ ಕಡೆ, ಒಂದು ದಿನ ಲಕ್ಷ್ಮೇಶ್ವರದ ಕಡೆ ಹೋಗುತ್ತಾನೆ. ಹಿಟ್ಟು ಮಾತ್ರ ಮಾವ ಮೌಲಾಸಾಬರದೇ. ಬೇರೆ ಯಾರಾದರೂ ನಾದಿದರೆ ಮಾವನಿಗೆ ಅವತ್ತು ಊಟ ಸೇರುವುದಿಲ್ಲ.

ಭಟ್ಟಿಯಿಂದ ಮೊದಲ ತಟ್ಟೆ ಹೊರಗೆ ಬಂತೆಂದರೆ ಮಾವ ಒಂದು ಬನ್ನನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು ಒಳಗೆ ಬರುತ್ತಿದ್ದರು. ಅತ್ತೆ ಹಾಜಿರಾಬಿ ಚಹಾ ಸೋಸಿಕೊಂಡು ಕಾಯುತ್ತಿದ್ದರು. ಅವರು ಮುರಿದು ಬಾಯಿಗಿಟ್ಟು ತೀರ್ಪು ಕೊಡುವ ತನಕ ಒಂದು ಬನ್ನೂ ಅಂಗಡಿಗೆ ಹೋಗುವ ಹಾಗಿರಲಿಲ್ಲ. ಗಂಡನ ಬನ್ನನ್ನು ಚಲೋ ಆಗಿದೆ ಎಂದು ಅತ್ತೆ ಅಂದದ್ದನ್ನು ನಾನು ಕೇಳಿಲ್ಲ. ಚಲೋ ಆಗಿದ್ದರೆ ಸುಮ್ಮನೆ ತಿನ್ನುತ್ತಿದ್ದರು. ಇಲ್ಲದಿದ್ದರೆ, "ಇವತ್ತ ಹಿಟ್ಟಿಗೆ ನಿಮ್ಮ ಸಿಟ್ಟ ಬಿದ್ದೈತಿ" ಎನ್ನುತ್ತಿದ್ದರು. ಮಾವ ಜಗಳಕ್ಕೆ ನಿಲ್ಲುತ್ತಿದ್ದರು. ಇಬ್ಬರೂ ಕಟ್ಟೆಯ ಮೇಲೆ ಕೂತು ಅದೇ ಬನ್ನನ್ನು ಅದೇ ಚಹಾದಲ್ಲಿ ಅದ್ದಿಕೊಂಡು ತಿನ್ನುತ್ತ ಜಗಳಾಡುತ್ತಿದ್ದರು. ಶಿರಹಟ್ಟಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಹೆದರಿದ್ದೆ. ಆಮೇಲೆ ತಿಳಿಯಿತು, ಇವರಿಗೆ ಪ್ರೀತಿ ಮಾಡಲು ಬೇರೆ ದಾರಿ ಗೊತ್ತಿಲ್ಲ.

ಇಂಥ ಅತ್ತೆಯ ನಾಲಿಗೆ ಕೆಟ್ಟಿತು. ಒಂದು ದಿನ ಬನ್ನು ಸಪ್ಪಗಿದೆ ಎಂದರು, ಇರಲಿಲ್ಲ. ಮಾರನೇ ದಿನ ಚಹಾ ಉರಿಯುತ್ತದೆ ಎಂದರು. ಕನ್ನಡಿ ಹಿಡಿದು ನೋಡಿಕೊಂಡರೆ ನಾಲಿಗೆಯ ಮೇಲೆ, ಕೆನ್ನೆಯ ಒಳಗಡೆ ಮೊಸರು ಮೆತ್ತಿದ ಹಾಗೆ ಬೆಳ್ಳಗೆ. ಬಟ್ಟೆಯಿಂದ ಒರೆಸಿದರೆ ಕೆಳಗೆ ಕೆಂಪು ಚರ್ಮ. ಬಾಯಿಂದ ಒಂಥರಾ ವಾಸನೆಯೂ ಬರುತ್ತಿತ್ತು. ಅವತ್ತಿನಿಂದ ಅತ್ತೆ ಮಾತಾಡುವಾಗ ಸೆರಗು ಅಡ್ಡ ಹಿಡಿಯತೊಡಗಿದರು.

ಶಾನವಾಜ ಬಂದದ್ದು ಆಗಲೇ. ಹುಬ್ಬಳ್ಳಿಯ ಹೋಟೆಲೊಂದರಲ್ಲಿ ಪುಡಿ ಕಂಪನಿಯ ತರಬೇತಿ ಮುಗಿಸಿ ಹೊಸದಾಗಿ ಟೈ ಕಟ್ಟಲು ಕಲಿತಿದ್ದ. ಅತ್ತೆಯ ನಾಲಿಗೆಯನ್ನು ಬ್ಯಾಟರಿ ಹಾಕಿ ನೋಡಿದವನೇ ಚೀಲದಿಂದ ಬಣ್ಣದ ಚಿತ್ರ ತೆಗೆದ.

"ದೊಡ್ಡಮ್ಮಾ, ಇದು ಈಸ್ಟ್. ನಿಮ್ಮ ಮೈಯಾಗ ಈಸ್ಟ್ ವಿಪರೀತ ಬೆಳದೈತಿ. ಹೊಟ್ಟಿಂದ ಶುರು ಆಗಿ ನಾಲಿಗಿ ಮಟ ಬಂದೈತಿ."

ಮಾವ ಮೊಣಕೈ ತನಕ ಹಿಟ್ಟು ಮೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಯಾವ ಈಸ್ಟೋ? ನಾವು ಹಿಟ್ಟಿಗೆ ಹಾಕೂದಾ?"

"ಈಸ್ಟ್ ಅಂದ್ರ ಈಸ್ಟ್ ದೊಡ್ಡಪ್ಪಾ. ಸಕ್ಕರಿ ಸಿಕ್ಕರ ಮುಗೀತು, ಹಿಟ್ಟ ಉಬ್ಬಿದಂಗ ಉಬ್ಬತೈತಿ. ನಿಮಗ ನಾ ಹೇಳಬೇಕಾ?"

ಬೇರೆ ಯಾರ ಮನೆಯಲ್ಲಿ ಈ ಮಾತು ಹೇಳಿದ್ದರೂ ಹೀಗೆ ಕೇಳಿ ಹಾಗೆ ಬಿಡುತ್ತಿದ್ದರು. ಮಾವ ಜೀವಮಾನವೆಲ್ಲ ಖಮೀರದ ಜತೆ ಕಳೆದವರು. ಹಿಟ್ಟಿಗೆ ಹಾಕುವ ಪೇಟೆಯ ಪುಡಿಗೆ ಈಸ್ಟ್ ಎಂದರೂ, ಹಿಟ್ಟು ಉಬ್ಬಿಸುವ ಆ ಜೀವಕ್ಕೆ ಅವರ ಬಾಯಲ್ಲಿ ಖಮೀರ ಎಂಬ ಹಳೇ ಹೆಸರೇ. ಖಮೀರ ಡಬ್ಬಿಯಲ್ಲಿ ಮಾತ್ರ ಇರುವುದಿಲ್ಲ, ಗೋಡೆಯಲ್ಲಿ, ಹಿಟ್ಟು ಕಲಸುವ ಕಟ್ಟಿಗೆಯ ದೋಣಿಯಲ್ಲಿ, ನಾದುವವನ ಉಗುರಿನ ಸಂದಿಯಲ್ಲಿ ಇರುತ್ತದೆ ಎಂದು ಅವರು ನಂಬಿದ್ದರು. ಹಿಟ್ಟಿನ ಕೋಣೆಗೆ ಸುಣ್ಣ ಹೊಡೆಸಿದ ವರ್ಷ ಕೆಲವು ದಿನ ಹಿಟ್ಟು ಸರಿಯಾಗಿ ಏಳದೆ ಮುನಿಸಿಕೊಂಡಿತ್ತಂತೆ. ಗೋಡೆಯ ಖಮೀರ ಸತ್ತಿದ್ದಕ್ಕೇ ಹಾಗಾಯಿತು ಎನ್ನುವುದು ಅವರ ಲೆಕ್ಕ. ಅಂಥವರಿಗೆ ಹೆಂಡತಿಯ ನಾಲಿಗೆಯ ಮೇಲೆ ಈಸ್ಟ್ ಬೆಳೆದಿದೆ ಎಂದರೆ ಏನಾಗಬೇಡ? ಅವರ ಮುಖ ಇಳಿದುಹೋಯಿತು. ಹೆಂಡತಿಯ ಚಿಂತೆ ಇರಬೇಕು ಎಂದುಕೊಂಡೆ ನಾನು.

ಶಾನವಾಜ ಪಥ್ಯ ಹೇಳುತ್ತ ಹೋದ. ಸಕ್ಕರೆ ಬೇಡ, ಬೆಲ್ಲ ಬೇಡ, ಮೈದಾ ಬೇಡ, ಬಾಳೆಹಣ್ಣು ಬೇಡ, ಅನ್ನ ಬೇಡ. ಹುಳಿ ಬಂದದ್ದು, ಉಬ್ಬಿದ್ದು ಯಾವುದೂ ಬೇಡ, ಮೊಸರೂ ಬೇಡ. ದಿನಾ ಹಸಿ ಬೆಳ್ಳುಳ್ಳಿ ಜಗಿಯಬೇಕು. ಅದರ ಮೇಲೆ ಹೊತ್ತುಹೊತ್ತಿಗೆ ಅವನ ಕಂಪನಿಯ ಗುಳಿಗೆ. ಅದರಲ್ಲಿ ಒಳ್ಳೆಯ ಕ್ರಿಮಿಗಳಿವೆಯಂತೆ, ಹೊಟ್ಟೆಗೆ ಹೋಗಿ ಕೆಟ್ಟ ಕ್ರಿಮಿಗಳನ್ನು ಒದ್ದೋಡಿಸುತ್ತವಂತೆ. ಮತ್ತೆ ಶಕ್ತಿಗೆಂದು ದೊಡ್ಡ ಡಬ್ಬಿಯ ಪುಡಿ, ಬಿಸಿನೀರಿನಲ್ಲಿ ಕಲಸಿ ಕುಡಿಯಲು.

"ದವಾಖಾನಿಗೆ ಒಂದ ಸರ್ತಿ ತೋರಸೂಣು" ಎಂದೆ ನಾನು.

"ಭಾಬೀ, ಡಾಕ್ಟರಿಗೆ ಇದೆಲ್ಲ ಎಲ್ಲಿ ತಿಳೀತೈತಿ?" ಎಂದ ಟೈ ಸರಿಮಾಡಿಕೊಳ್ಳುತ್ತ. ಅತ್ತೆಯೂ ದವಾಖಾನೆ ಬೇಡವೆಂದು ಗೋಣು ಅಲ್ಲಾಡಿಸಿದರು. ಈ ಬಾಯನ್ನು ಇನ್ನೊಬ್ಬರ ಮುಂದೆ ತೆರೆಯುವ ಮನಸ್ಸು ಅವರಿಗಿರಲಿಲ್ಲ.

ಅವತ್ತು ಸಂಜೆ ಮಾವ ತಮ್ಮ ಹಾಸಿಗೆ ಸುತ್ತಿಕೊಂಡು ಹಿಟ್ಟಿನ ಕೋಣೆಗೆ ಹೋದರು. ಯಾಕೆಂದು ಕೇಳಿದರೆ, "ಅಲ್ಲೆ ಗಾಳಿ ಚಲೋ ಬರ್ತೈತಿ" ಎಂದರು. ಆ ಕೋಣೆಗೆ ಇರುವುದು ಒಂದು ಕಿಂಡಿ. ಬೆಳಗಿನ ಬನ್ನು ಒಳಗೆ ಬರುವುದು ನಿಂತಿತು. ಪಥ್ಯವಿದೆ, ಅದಕ್ಕೆ ತರುತ್ತಿಲ್ಲ ಎಂದುಕೊಳ್ಳಬಹುದಿತ್ತು. ಆದರೆ ಮಾವನೇ ಒಳಗೆ ಬರುವುದನ್ನು ಬಿಟ್ಟರು. ಊಟದ ತಟ್ಟೆಯನ್ನು ಹೊಸಿಲಿನ ಆಚೆ ಇಸಿದುಕೊಳ್ಳುತ್ತಿದ್ದರು. "ಹಾಜಿರಾ, ಆರಾಮದಿ?" ಎಂದು ಅಂಗಳದಿಂದಲೇ ಕೂಗಿ ಕೇಳುತ್ತಿದ್ದರು. ಅತ್ತೆ ಹೂಂ ಎನ್ನುವುದರೊಳಗೆ ಹೋಗಿಬಿಡುತ್ತಿದ್ದರು.

"ಅಬ್ಬಾ, ಒಳಗ ಬಂದು ಕುಂಡ್ರಿ" ಎಂದು ಮಾವನನ್ನು ಒಮ್ಮೆ ಕರೆದೆ.

"ಬ್ಯಾಡವಾ, ಮೈ ಹೊಲಸೈತಿ" ಎಂದರು. ಆಗ ತಾನೇ ಸ್ನಾನ ಮುಗಿಸಿ, ಉಗುರಿನ ಸಂದಿಯನ್ನೆಲ್ಲ ಬೇವಿನ ಕಡ್ಡಿಯಿಂದ ಕೆದಕಿ ತೊಳೆದುಕೊಂಡು ನಿಂತಿದ್ದ ಮನುಷ್ಯ! ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಬಾಳಿದ ಹೆಂಡತಿಗೆ ಬಾಯಿಹುಣ್ಣು ಬಂತೆಂದು ಇವರು ಅಸಹ್ಯಪಡುತ್ತಾರಲ್ಲ ಎಂದು ಅವರ ತಟ್ಟೆಯನ್ನು ಹೊಸಿಲ ಮೇಲೆ ಕುಕ್ಕಿ ಇಡುತ್ತಿದ್ದೆ. ಅವರು ಎತ್ತಿಕೊಂಡು ಹೋಗುತ್ತಿದ್ದರು.

ಅತ್ತೆಯೂ ಅದನ್ನೇ ತಿಳಿದಿದ್ದರು. "ನನ್ನ ಬಾಯಿ ವಾಸನಿ ಅವರಿಗೆ ಆಗವಲ್ದು ಫರ್ಹಾನಾ" ಎಂದರು ಒಂದು ಮಧ್ಯಾಹ್ನ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ. "ಅವರದೇನ ತಪ್ಪ? ನನಗಽ ಆಗವಲ್ದು." ಆಮೇಲೆ ಬೆಳ್ಳುಳ್ಳಿಯ ಎಸಳು ಬಾಯಿಗಿಟ್ಟುಕೊಂಡು ಜಗಿದರು. ಹುಣ್ಣಾದ ನಾಲಿಗೆಯ ಮೇಲೆ ಹಸಿ ಬೆಳ್ಳುಳ್ಳಿ! ಕಣ್ಣಿಂದ ನೀರು ಇಳಿಯುತ್ತಿತ್ತು, ಉಗುಳಲಿಲ್ಲ. ಜಲ್ದಿ ಗುಣವಾಗಬೇಕು, ಗಂಡ ಒಳಗೆ ಬರಬೇಕು. ಅವರ ಪಥ್ಯವೆಲ್ಲ ಇದೊಂದಕ್ಕೇ ಇತ್ತು. ಮೊಸರಿನಲ್ಲೂ ಒಳ್ಳೆಯ ಕ್ರಿಮಿಗಳೇ ಇರುತ್ತವಲ್ಲ, ಡಬ್ಬಿಯೊಳಗೆ ಕೂತರೆ ಮಾತ್ರ ಅವು ಒಳ್ಳೆಯವಾಗುತ್ತವೆಯೇ ಎಂದು ಶಾನವಾಜನನ್ನು ಕೇಳಿದೆ. ಕಂಪನಿಯವರನ್ನು ಕೇಳಿ ಹೇಳುತ್ತೇನೆ ಎಂದ.

ಒಣ ರೊಟ್ಟಿ, ಬೇಯಿಸಿದ ಸೊಪ್ಪು, ಬಿಸಿನೀರಿನ ಪುಡಿ. ಅತ್ತೆ ಇಳಿದುಹೋದರು. ಬಿಳುಪು ಮಾತ್ರ ಕಡಿಮೆಯಾಗಲಿಲ್ಲ. ಬಟ್ಟೆ ಒಣಹಾಕಲು ಹೋದವರು ಒಂದು ದಿನ ಹಗ್ಗ ಹಿಡಿದುಕೊಂಡೇ ಕುಸಿದರು. ನಾನು ಕೂಗಿದ ಕೂಗಿಗೆ ಮಾವ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಬಂದವರು ಹೆಂಡತಿಯಿಂದ ಒಂದು ಮಾರು ದೂರದಲ್ಲಿ ನಿಂತುಬಿಟ್ಟರು. ಕೈ ಮುಂದೆ ಬರುತ್ತಿದೆ, ಮುಟ್ಟುತ್ತಿಲ್ಲ. "ಎತ್ತ ಫರ್ಹಾನಾ, ನೀ ಎತ್ತ" ಎಂದು ಅಳುತ್ತಿದ್ದರು. ಅಸಹ್ಯಪಡುವ ಮನುಷ್ಯ ಹಾಗೆ ಅಳುವುದಿಲ್ಲ ಎಂದು ನನಗೆ ಆಗ ಹೊಳೆಯಿತು. ಪಕ್ಕದ ಮನೆಯ ಸಾವಕ್ಕ ಬಂದು ಕೈಹಚ್ಚಿದಳು. ರಿಕ್ಷಾದಲ್ಲಿ ಗದಗಿನ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆವು.

ಡಾಕ್ಟರಮ್ಮ ನಾಲಿಗೆ ನೋಡಿದರು, ಬೆರಳಿಂದ ರಕ್ತ ತೆಗೆದು ಪರೀಕ್ಷೆ ಮಾಡಿದರು. ಮಾವ ಬಾಗಿಲ ಹೊರಗೇ ನಿಂತಿದ್ದರು.

"ಯಾಕ್ರಿ ಅಲ್ಲೆ ನಿಂತೀರಿ? ಒಳಗ ಬರ್ರಿ."

"ಬ್ಯಾಡ್ರಿ" ಎಂದರು ಮಾವ. ಆಮೇಲೆ ತಡೆಯಲಾಗದೆ ಎಲ್ಲ ಹೇಳಿಬಿಟ್ಟರು. "ಈ ಬ್ಯಾನಿ ನಾನಽ ಹಚ್ಚೀನ್ರಿ ಅಕಿಗೆ. ನನ್ನ ಕೈಯಾಗಿನ ಖಮೀರ ಅದು. ಇಷ್ಟು ವರ್ಷ ಇದೇ ಕೈಯಿಂದ ಬನ್ನ್ ತಂದು ತಿನಿಸೀನಿ. ಈಗ ಎಷ್ಟ ತೊಳದರೂ ಹೋಗವಲ್ದು. ಅದಕ್ಕಽ ನಾ ದೂರ ಇರ್ತೀನ್ರಿ."

ಅತ್ತೆಯ ಕೈಯಿಂದ ಸೆರಗು ಜಾರಿತು. ಗಂಡನನ್ನೇ ನೋಡಿದರು. ನಾನು ಕುಕ್ಕಿಟ್ಟ ತಟ್ಟೆಗಳೆಲ್ಲ ನನಗೆ ನೆನಪಾದವು.

ಡಾಕ್ಟರಮ್ಮ ನಗಲಿಲ್ಲ, ಅದಕ್ಕೆ ಅವರ ಮೇಲೆ ನನಗೆ ಗೌರವ. "ನಿಮ್ಮ ಹಿಟ್ಟಿಂದು ಬ್ಯಾರೆ, ಇದು ಬ್ಯಾರೆ" ಎಂದರು. "ಹಿಟ್ಟಿಂದು ಭಟ್ಟಿಯಾಗ ಸತ್ತು ಹೋಗತೈತಿ. ಇದು ಎಲ್ಲಾರ ಬಾಯಾಗೂ ಅಷ್ಟಿಷ್ಟು ಇರೂದಽ. ಮೈಯಾಗ ಸಕ್ಕರಿ ಹೆಚ್ಚಾತಂದ್ರ ಬೆಳೀತೈತಿ. ಇವರಿಗೆ ಸಕ್ಕರಿ ಕಾಯಿಲೆ ಐತಿ. ನಿಮ್ಮ ಕೈಯಿಂದ ಬರೂದಾಗಿದ್ರ ನಿಮ್ಮ ಬನ್ನ್ ತಿನ್ನೋ ಬೆಟಗೇರಿ ಮಂದಿಗೆಲ್ಲ ಬರಬೇಕಿತ್ತಲ್ರಿ."

ಮಾವ ತಮ್ಮ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ ಒಳಗೆ ಬಂದರು.

ಚೀಲದಲ್ಲಿ ತಂದಿದ್ದ ಪುಡಿಯ ಡಬ್ಬಿಯನ್ನು ಡಾಕ್ಟರಮ್ಮ ಓದಿದರು. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಇದ್ದದ್ದು ಸಕ್ಕರೆಯೇ. ಚಹಾದ ಸಕ್ಕರೆ ಬಿಡಿಸಿ, ಬಿಸಿನೀರಿನಲ್ಲಿ ಸಕ್ಕರೆ ಕುಡಿಸುತ್ತಿದ್ದೆವು! ಶಾನವಾಜ ಆಗ ಕೈಗೆ ಸಿಕ್ಕಿದ್ದರೆ ಅವನ ಟೈ ಅವನಿಗೇ ಉರುಲಾಗುತ್ತಿತ್ತು. ರೊಟ್ಟಿ, ಪಲ್ಲೆ, ಬೇಳೆ ಹೊಟ್ಟೆ ತುಂಬ ತಿನ್ನಿ, ಮೊಸರು ಮಜ್ಜಿಗೆ ಬಿಡಬೇಡಿ, ಬೆಳ್ಳುಳ್ಳಿ ಪಲ್ಲೆಯಲ್ಲಿ ಬೆಂದರೆ ಸಾಕು, ಸಕ್ಕರೆ ಮೈದಾ ದೂರವಿಡಿ ಎಂದರು. ಬಾಯಲ್ಲಿ ಇಟ್ಟುಕೊಳ್ಳಲು ಹನಿ ಔಷಧ, ಸಕ್ಕರೆ ಕಾಯಿಲೆಗೆ ಗುಳಿಗೆ ಬರೆದರು. ಅಷ್ಟಾದ ಮೇಲೆ ಕೇಳಿದರು: "ಅಮ್ಮಾ, ಈ ಕಟ್ಟಿಸಿದ ಹಲ್ಲಿನ ಸೆಟ್ಟು ರಾತ್ರಿ ತಗದಿಡ್ತೀರಿಲ್ಲ?"

ಅತ್ತೆ ಗಂಡನ ಕಡೆ ನೋಡಿದರು. "ನೀವು ಹೊರಗ ಹೋಗ್ರಿ" ಎಂದರು. ಆಗ ತಾನೇ ಒಳಗೆ ಬಂದಿದ್ದ ಮಾವ ಮತ್ತೆ ಹೊರಗೆ ಹೋದರು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಸೆಟ್ಟು ತೆಗೆದರು. ಬಾಯಿಯ ಮೇಲಿನ ಅಂಗುಳ ಹಲ್ಲಿನ ಸೆಟ್ಟು ಕೂತ ಜಾಗದಲ್ಲಿ ಅಷ್ಟೇ ಕೆಂಪಗೆ ಬೆಂದುಹೋಗಿತ್ತು. ಹಗಲೂ ರಾತ್ರಿ ಅದನ್ನು ತೆಗೆದೇ ಇರಲಿಲ್ಲ.

"ಇದರ ಕೆಳಗಽ ಮನಿ ಮಾಡ್ಕೊಂಡೈತಿ ನೋಡ್ರಿ" ಎಂದರು ಡಾಕ್ಟರಮ್ಮ. "ದಿನಾ ರಾತ್ರಿ ತಗದು, ತಿಕ್ಕಿ ತೊಳದು, ನೀರಾಗ ಇಡಬೇಕು. ಈಗ ಹುಣ್ಣು ಮಾಯೂ ತನಕ ಮಧ್ಯಾಹ್ನಾನೂ ಒಂದಿಷ್ಟ ಹೊತ್ತು ತಗೀರಿ. ಇಲ್ಲಂದ್ರ ಯಾವ ಔಷಧಾನೂ ನಾಟೂದಿಲ್ಲ."

ತೆಗೆಯದೇ ಇದ್ದದ್ದು ಯಾಕೆಂದು ನನಗೆ ಗೊತ್ತಿತ್ತು. ಒಸಡು ಕೆಟ್ಟು ಹಲ್ಲೆಲ್ಲ ಕೀಳಿಸಿದಾಗ, ಹೊಸ ಸೆಟ್ಟು ತಯಾರಾಗುವ ತನಕ ಅತ್ತೆ ಸೊರಟೂರಿನ ತಂಗಿ ಗುಲಾಬಬಿಯ ಮನೆಗೆ ಹೋಗಿ ಕೂತಿದ್ದರು. ತಂಗಿಗೆ ಆರಾಮಿಲ್ಲ ಎಂಬ ನೆಪ. ಸೆಟ್ಟು ಕೂಡ್ರಿಸಿಕೊಂಡ ಮೇಲೇ ಮನೆಗೆ ಬಂದರು. ಗಂಡ ತನ್ನನ್ನು ಬೊಚ್ಚುಬಾಯಲ್ಲಿ ನೋಡಬಾರದು, ಅಷ್ಟೇ ಅವರ ಹಟ. ಹೊರಗೆ ಬರುವಾಗ ನನ್ನ ಕೈ ಒತ್ತಿ ಹಿಡಿದು, "ಅವರ ಮುಂದ ಬಾಯಿ ಬಿಟ್ಟಿ ಅಂದ್ರ ನೋಡು" ಎಂದು ಆಣೆ ಹಾಕಿಸಿಕೊಂಡರು.

ಮಾವ ಮನೆ ಮುಟ್ಟಿದವರೇ ಹಿಟ್ಟಿನ ಕೋಣೆಗೆ ಹೋಗಿ ಹಾಸಿಗೆ ಬಗಲಲ್ಲಿಟ್ಟುಕೊಂಡು ಬಂದರು. ಹೊಸ ಮದುಮಗನ ಮುಖವಿತ್ತು. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ನಿಮಗ ಅಲ್ಲೆ ಗಾಳಿ ಚಲೋ ಬರ್ತೈತೆಲ್ಲ. ಅಲ್ಲೇ ಇರ್ರಿ."

ಹಾಸಿಗೆ ತಿರುಗಿ ಹೋಯಿತು.

ಔಷಧ ನಾಟಿತು. ಹನಿ ಬಾಯಲ್ಲಿಟ್ಟುಕೊಂಡು, ರಾತ್ರಿ ಒಬ್ಬರೇ ಬಾಗಿಲು ಹಾಕಿಕೊಂಡು ಸೆಟ್ಟು ನೀರಲ್ಲಿಟ್ಟು ಅತ್ತೆ ಮಲಗತೊಡಗಿದರು. ಬಿಳುಪು ಅಂಚಿನಿಂದ ಕರಗುತ್ತ ಬಂತು. ಮಜ್ಜಿಗೆ ರೊಟ್ಟಿ ಸೇರತೊಡಗಿತು. ಮಾವ ಮಾತ್ರ ಸೊರಗಿದರು. ಇಷ್ಟು ದಿನ ದೂರವಿಟ್ಟೆನೆಂದು ಹೆಂಡತಿ ಮುನಿದಿದ್ದಾಳೆ, ಇನ್ನು ತನ್ನನ್ನು ಒಳಗೆ ಸೇರಿಸುವುದಿಲ್ಲ ಎಂದು ಅವರ ಎಣಿಕೆ. ಬನ್ನುಗಳು ಒಂದು ದಿನ ಕರಿಯಾದವು, ಒಂದು ದಿನ ಬೇಯಲೇ ಇಲ್ಲ. "ಅಬ್ಬಾಗ ಏನಾಗೇತಿ?" ಎಂದು ತನ್ವೀರ ನನ್ನನ್ನು ಕೇಳಿದ. ನಾನು ಆಣೆಗೆ ಸಿಕ್ಕಿಬಿದ್ದಿದ್ದೆ. ಇಬ್ಬರನ್ನೂ ಕೂಡ್ರಿಸಿ ತಲೆಗೆ ತಲೆ ಕುಟ್ಟಬೇಕು ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಊಟವಾದ ಮೇಲೆ ನಾನು ಅಡುಗೆಮನೆಯಲ್ಲಿ ರೊಟ್ಟಿಯ ಹಂಚು ತಿಕ್ಕುತ್ತಿದ್ದೆ. ಅತ್ತೆ ಒಳಕೋಣೆಯಲ್ಲಿ ಸೆಟ್ಟು ಬಟ್ಟಲಿಗೆ ಹಾಕಿ ಅಡ್ಡಾಗಿದ್ದರು. ಅಡುಗೆಮನೆಗೂ ಒಳಕೋಣೆಗೂ ನಡುವೆ ಒಂದು ಪರದೆ, ಅಷ್ಟೇ. ಆ ಹೊತ್ತಿನಲ್ಲಿ ಎಂದೂ ಒಳಗೆ ಬಾರದ ಮಾವ ಅಂಗಳದ ಕಡೆಯ ಬಾಗಿಲು ತಳ್ಳಿಕೊಂಡು ಬಂದುಬಿಟ್ಟರು. ಅತ್ತೆ ಚೀರಿದ್ದು ಕೇಳಿಸಿತು. ಸೆರಗಿನ ಒಳಗಿಂದ, ಹಲ್ಲಿಲ್ಲದ ಬಾಯಿಂದ, "ಹೊರಗ ಹೋಗ್ರಿ! ಹೊರಗ ಹೋಗ್ರಿ!"

ಮಾವ ಹೊರಗೆ ಹೋಗಲಿಲ್ಲ. ಪರದೆಯ ಸಂದಿಯಿಂದ ನನಗೆ ಕಂಡದ್ದು ಅವರ ಮುಖ. ಹೆಂಡತಿಗೆ ಬೆನ್ನು ಮಾಡಿ, ಪರದೆಯ ಕಡೆ ತಿರುಗಿ ನೆಲದ ಮೇಲೆ ಕೂತಿದ್ದರು.

"ನಾ ನೋಡೂದಿಲ್ಲ, ನೀ ಕೇಳಷ್ಟಽ" ಎಂದರು. "ಬಟ್ಟಲ ನೋಡಿದೆ. ಈಗ ತಿಳೀತು ನನ್ನ ಯಾಕ ಹೊರಗ ಹಾಕೀದಿ ಅಂತ. ಹುಚ್ಚಿ, ನಾ ಸೊರಟೂರಿಗೆ ಬಂದಿದ್ನಿ."

ಒಳಗೆ ಬಳೆಗಳ ಸದ್ದಾಯಿತು, ಅತ್ತೆ ಎದ್ದು ಕೂತಿರಬೇಕು.

"ಶುಕ್ರವಾರ ನಮಾಜ ಮುಗಿಸಿ ಬಸ್ ಹತ್ತಿದ್ನಿ. ನಿನ್ನ ಬಿಟ್ಟು ಮನಿ ಹಿಡಸವಲ್ದಾಗಿತ್ತು. ನೀ ಗುಲಾಬಬಿ ಕೂಡ ಅಂಗಳದಾಗ ಶೇಂಗಾ ಸುಲಕೋಂತ ಕುಂತಿದ್ದಿ. ಅಕಿ ಏನೋ ಅಂದ್ಲು, ನೀ ನಕ್ಕಿ. ಬಾಯಾಗ ಒಂದ ಹಲ್ಲಿರಲಿಲ್ಲ. ನಾ ಗ್ವಾಡಿ ಮರಿಗೆ ನಿಂತು ನೋಡಿದ್ನಿ. ಕಂಡ್ರ ನೀ ನಾಚಿಕಿಂದ ಸಾಯ್ತಿ ಅಂತ ಹಿತ್ತಲದಾಗಿಂದ ಹೋಗಿ ಗುಲಾಬಬಿ ಕೈಯಾಗ ಬನ್ನಿನ ಪುಡಿಕಿ ಕೊಟ್ಟು, ಯಾರು ಕೊಟ್ರು ಅಂತ ಹೇಳಬ್ಯಾಡ ಅಂದು ಬಂದ್ನಿ."

"ಆ ಬನ್ನ್ ನಿಮ್ಮವಾ?" ಎಂದರು ಅತ್ತೆ. ಸೆರಗು ಬಾಯಿಂದ ಸರಿದಿತ್ತೆಂದು ದನಿಯಲ್ಲೇ ತಿಳಿಯಿತು. "ಬಸ್‌ಸ್ಟ್ಯಾಂಡಿನಾಗ ತಂದೀನಿ ಅಂದಿದ್ಲು! ಅವನ್ನ ತಿಂದು, ನಮ್ಮ ಮನಿಯವಕ್ಕಿಂತ ಚಲೋ ಅದಾವು ಅಂದಿದ್ನಿ ನಾ."

"ಅಂದಿದ್ದಿ? ಚಲೋ ಅದಾವು ಅಂತ?" ಮಾವನ ಮುಖದಲ್ಲಿ ಆದ ಬದಲಾವಣೆಯನ್ನು ನಾನು ಹೇಗೆ ಹೇಳಲಿ. ಹೆಂಡತಿಯ ಬಾಯಿಂದ ಆ ಮಾತು ಕೇಳಲು ಆ ಮನುಷ್ಯ ಒಂದು ಆಯುಷ್ಯವೇ ಕಾದಿದ್ದರು. ಮತ್ತೆ ಅಂದರು: "ಈ ಸೆಟ್ಟ ಬಂದ ಮ್ಯಾಲೆ, ಜಾರೀತು ಅಂತ ನೀ ತುಟಿ ಮುಚ್ಚೇ ನಗ್ತಿ. ಸೊರಟೂರಾಗ ನಕ್ಕಂಗ ನನ್ನ ಮುಂದ ಒಮ್ಮೆನೂ ನಕ್ಕಿಲ್ಲ. ನನಗ ಆ ನಗಿ ಬೇಕಾಗೇತಿ ಹಾಜಿರಾ. ಹಲ್ಲ ಏನ ಮಾಡೂದೈತಿ?"

ನಾನು ಹಂಚು ಕೆಳಗಿಟ್ಟೆ. ಕೈಯೆಲ್ಲ ಬೂದಿಯಾಗಿತ್ತು, ಕಣ್ಣು ಒರೆಸಿಕೊಳ್ಳುವ ಹಾಗೂ ಇರಲಿಲ್ಲ.

"ಈ ಕಡೆ ತಿರಗ್ರಿ" ಎಂದರು ಅತ್ತೆ.

ಮಾವ ತಿರುಗಿದರು. ಆಮೇಲೆ ಅತ್ತೆ ನಕ್ಕರು. ಗಾಳಿ ತುಂಬಿದ, ತಡೆಯೇ ಇಲ್ಲದ ನಗು. ಇಷ್ಟು ವರ್ಷ ಅದೇ ಮನೆಯಲ್ಲಿದ್ದೂ ಆ ನಗುವನ್ನು ನಾನು ಕೇಳಿರಲಿಲ್ಲ. ನನ್ನ ಕಾಲು ತಾನಾಗಿ ಪರದೆಯ ಕಡೆ ಹೋಯಿತು.

"ಆ ಪರದಾ ಪೂರಾ ಎಳೀರಿ" ಎಂದರು ಅತ್ತೆ ಮಾವನಿಗೆ. "ಸೊಸಿ ನೋಡ್ತಾಳ."

ಮಾವ ಪರದೆ ಎಳೆದರು. ನಾನು ಕೈ ತೊಳೆದುಕೊಂಡು ಹಿಟ್ಟಿನ ಕೋಣೆಗೆ ಹೋಗಿ, ಮಾವನ ಹಾಸಿಗೆ ಕೊಡವಿ ಸುತ್ತಿ ತಂದು ಪರದೆಯ ಹೊರಗೆ ಇಟ್ಟೆ. ಹಲ್ಲಿಲ್ಲದ ಬಾಯಿಯನ್ನು ದವಾಖಾನೆಯಲ್ಲಿ ನಾನು ನೋಡಿದ್ದೆ. ಆ ನಗುವನ್ನು ಮಾತ್ರ ಇವತ್ತಿಗೂ ನೋಡಿಲ್ಲ. ಅದನ್ನು ಮಾವನೊಬ್ಬರಿಗೇ ಎಂದು ಅತ್ತೆ ಇಟ್ಟುಕೊಂಡಿದ್ದಾರೆ.